ಊರಿಗೆ ಲೆಕ್ಕ ಒಪ್ಪಿಸುವ ಕಾಲೇಜು

ಪ್ರವೇಶ ಪರೀಕ್ಷೆ ಇಲ್ಲ, ವಯಸ್ಸಿನ ಮಿತಿ ಇಲ್ಲ. ಹಗಲು ಊರವರ ಹಲ್ಲು ಶುಚಿ ಮಾಡುತ್ತದೆ, ರಾತ್ರಿ ದೂರದರ್ಶಕದಲ್ಲಿ ಶನಿಯ ಬಳೆ ತೋರಿಸುತ್ತದೆ. ವರ್ಷ ಮುಗಿಯುವಾಗ ಜಮಾಖರ್ಚು ಹಿಡಿದು ತೆರಿಗೆದಾರರ ಮುಂದೆ ನಿಲ್ಲುತ್ತದೆ. ಕ್ಯಾಲಿಫೋರ್ನಿಯಾದ ಸಮುದಾಯ ಕಾಲೇಜು ಇದು. ಸಿಲಿಕಾನ್ ಕಣಿವೆಯ ಎಷ್ಟೋ ಕನ್ನಡದ ಮನೆಗಳಿಗೂ ಇದರ ಬಾಗಿಲು ಪರಿಚಿತ.

ಜೂನ್ ತಿಂಗಳ ಸಂಜೆ. ಲಾಸ್ ಆಲ್ಟೋಸ್ ಹಿಲ್ಸ್ ಗುಡ್ಡಗಳ ಮೇಲೆ ಬಿಸಿಲು ಇನ್ನೂ ಇಳಿದಿಲ್ಲ. ಸಭಾಕೊಠಡಿಯ ಒಂದು ಬದಿಯಲ್ಲಿ ಐವರು ಟ್ರಸ್ಟಿಗಳು, ಜೊತೆಗೆ ವಿದ್ಯಾರ್ಥಿ ಪ್ರತಿನಿಧಿಗಳು. ಎದುರಿನ ಕುರ್ಚಿಗಳಲ್ಲಿ ಯಾರು ಬೇಕಾದರೂ ಕೂರಬಹುದು. ಒಬ್ಬೊಬ್ಬರಾಗಿ ಮೈಕಿನ ಮುಂದೆ ಬರುತ್ತಾರೆ. ನಿವೃತ್ತ ಎಂಜಿನಿಯರ್ ಪಾರ್ಕಿಂಗ್ ಬಗ್ಗೆ ದೂರುತ್ತಾರೆ. ಅರೆಕಾಲಿಕ ಉಪನ್ಯಾಸಕಿ ಸಂಬಳದ ಮಾತೆತ್ತುತ್ತಾರೆ. ರಾತ್ರಿ ಪಾಳಿ ಮುಗಿಸಿ ಬಂದ ಹುಡುಗ ತನ್ನ ತರಗತಿ ಯಾಕೆ ರದ್ದಾಯಿತು ಎಂದು ಕೇಳುತ್ತಾನೆ. ಎಲ್ಲರಿಗೂ ಸಿಗುವುದು ಕೆಲವೇ ನಿಮಿಷ. ಗಡಿಯಾರ ಮುಗಿಯಿತು ಎಂದರೆ ಮಾತೂ ಮುಗಿಯಿತು.

ಫುಟ್‌ಹಿಲ್–ಡಿ ಆನ್ಜಾ ಸಮುದಾಯ ಕಾಲೇಜು ಜಿಲ್ಲೆಯ ಆಡಳಿತ ಮಂಡಳಿ ಸಭೆಗಳ ಧಾಟಿ ಇದೇ. ಶೈಕ್ಷಣಿಕ ವರ್ಷ ಮುಗಿಯುವ ಜೂನ್‌ನಲ್ಲಿ ಇವಕ್ಕೆ ಕಾವು ಜಾಸ್ತಿ. ರಾಜ್ಯದ ನಿಯಮದ ಪ್ರಕಾರ ಮುಂದಿನ ವರ್ಷದ ತಾತ್ಕಾಲಿಕ ಬಜೆಟ್ ಜುಲೈ 1ರೊಳಗೆ ಸಿದ್ಧವಾಗಬೇಕು. ಎಷ್ಟು ಮಂದಿ ಸೇರಿದರು, ಎಷ್ಟು ಮಂದಿ ನಡುವೆ ಬಿಟ್ಟುಹೋದರು, ಯಾವ ಕಟ್ಟಡ ಮುಗಿಯಿತು, ಯಾವುದು ನಿಂತಿತು ಎಂಬ ಲೆಕ್ಕವೆಲ್ಲ ಈ ದಿನಗಳಲ್ಲೇ ಮೇಜಿಗೆ ಬರುತ್ತದೆ.

ಲೆಕ್ಕ ಕೊಡುವುದೇನೋ ಸರಿ. ಯಾರಿಗೆ ಕೊಡುತ್ತಾರೆ ಎಂಬುದರಲ್ಲಿ ಸ್ವಾರಸ್ಯವಿದೆ. ಈ ಟ್ರಸ್ಟಿಗಳು ಸರ್ಕಾರ ನೇಮಿಸಿದವರಲ್ಲ, ಯಾವ ಮಠವೂ ಸಮಿತಿಯೂ ಆರಿಸಿದವರಲ್ಲ. ಸುತ್ತಲಿನ ಊರುಗಳ ಮತದಾರರು ವೋಟು ಹಾಕಿ ಕೂರಿಸಿದವರು. ಕ್ಯಾಲಿಫೋರ್ನಿಯಾದ ‘ಬ್ರೌನ್ ಕಾಯ್ದೆ’ 1953ರದು. ಅದರ ಪ್ರಕಾರ ಸಭೆಗಳು ತೆರೆದ ಬಾಗಿಲಲ್ಲೇ ನಡೆಯಬೇಕು, ಕಾರ್ಯಸೂಚಿ 72 ಗಂಟೆ ಮೊದಲೇ ಜನರ ಕೈಗೆ ಸಿಗಬೇಕು. ಬಂದು ಕೂರುವವರು ಹೆಸರು ಬರೆಸಲೇಬೇಕೆಂದು ಒತ್ತಾಯಿಸುವಂತೆಯೂ ಇಲ್ಲ.

ಆರು ಜನರಿಂದ ಶುರು

ಇಂಥ ಕಾಲೇಜು ಮೊದಲು ಹುಟ್ಟಿದ್ದು ಕ್ಯಾಲಿಫೋರ್ನಿಯಾದಲ್ಲಿ ಅಲ್ಲ, ಇಲಿನಾಯ್ ರಾಜ್ಯದ ಜೋಲಿಯಟ್‌ನಲ್ಲಿ, 1901ರಲ್ಲಿ. ಊರಿನ ಹೈಸ್ಕೂಲಿಗೆ ಇನ್ನೆರಡು ವರ್ಷದ ಓದು ಸೇರಿಸಿದರು, ಅಷ್ಟೆ. ಮೊದಲ ತಂಡದಲ್ಲಿದ್ದವರು ಆರು ಮಂದಿ. ‘ಜೂನಿಯರ್ ಕಾಲೇಜು’ ಎಂದು ಕರೆದರು. ಎರಡನೇ ಮಹಾಯುದ್ಧ ಮುಗಿದು ಸೈನಿಕರು ಊರಿಗೆ ಮರಳಿ ಓದಿಗೆ ಮುಗಿಬಿದ್ದಾಗ, ಅಧ್ಯಕ್ಷ ಟ್ರೂಮನ್ ನೇಮಿಸಿದ ಆಯೋಗ 1947ರ ವರದಿಯಲ್ಲಿ ‘ಸಮುದಾಯ ಕಾಲೇಜು’ ಎಂಬ ಹೆಸರನ್ನು ಮುಂದಿಟ್ಟಿತು. ಇವತ್ತು ಅಮೆರಿಕದಲ್ಲಿ ಇಂಥವು ಸಾವಿರಕ್ಕೂ ಹೆಚ್ಚು.

ಕ್ಯಾಲಿಫೋರ್ನಿಯಾ ಇದನ್ನು ಇನ್ನೂ ಗಟ್ಟಿ ಮಾಡಿತು. 1960ರಲ್ಲಿ ರಾಜ್ಯ ಉನ್ನತ ಶಿಕ್ಷಣವನ್ನು ಮೂರು ಮೆಟ್ಟಿಲಾಗಿ ಹಂಚಿತು. ಹೈಸ್ಕೂಲು ಮುಗಿಸಿದವರಲ್ಲಿ ಮೇಲಿನ ಎಂಟನೇ ಒಂದು ಭಾಗಕ್ಕೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ, ಮೇಲಿನ ಮೂರನೇ ಒಂದು ಭಾಗಕ್ಕೆ ರಾಜ್ಯ ಕಾಲೇಜುಗಳು, ಉಳಿದಂತೆ ಕಲಿಯುವ ಮನಸ್ಸಿರುವ ಯಾರಿಗಾದರೂ ಜೂನಿಯರ್ ಕಾಲೇಜು. ಕೆಳಗಿನ ಮೆಟ್ಟಿಲಿನಲ್ಲಿ ಎರಡು ವರ್ಷ ಚೆನ್ನಾಗಿ ಓದಿದವರು ಮೇಲಿನದಕ್ಕೆ ದಾಟಬಹುದು. ಅಲ್ಲಿಯವರ ಬಾಯಲ್ಲಿ ಇದಕ್ಕೆ ‘ಟ್ರಾನ್ಸ್‌ಫರ್’ ಎಂದೇ ಹೆಸರು.

1984ರವರೆಗೆ ಬೋಧನಾ ಶುಲ್ಕವೇ ಇರಲಿಲ್ಲ. 1978ರಲ್ಲಿ ಮತದಾರರು ಆಸ್ತಿ ತೆರಿಗೆಗೆ ಕಡಿವಾಣ ಹಾಕಿದ್ದರಿಂದ ಕಾಲೇಜುಗಳ ಬೊಕ್ಕಸ ಸೊರಗಿತು, ಪುಕ್ಕಟೆ ಓದಿನ ಕಾಲವೂ ಮುಗಿಯಿತು.

■ ಅಂಕಿಯಲ್ಲಿ
ಕ್ಯಾಲಿಫೋರ್ನಿಯಾದ ಸಮುದಾಯ ಕಾಲೇಜುಗಳು: 116
ಕಲಿಯುವವರು: ಸುಮಾರು 20 ಲಕ್ಷ
ರಾಜ್ಯದ ನಿವಾಸಿಗೆ ಶುಲ್ಕ: ಯೂನಿಟ್‌ಗೆ 46 ಡಾಲರ್ (2012ರ ಬೇಸಿಗೆಯಿಂದ; ಯೂನಿಟ್ ಎಂದರೆ ಕೋರ್ಸಿನ ಕ್ರೆಡಿಟ್)
ವರ್ಷವನ್ನು ಕ್ವಾರ್ಟರ್‌ಗಳಾಗಿ ಹಂಚಿಕೊಂಡ ಡಿ ಆನ್ಜಾದಲ್ಲಿ: ಯೂನಿಟ್‌ಗೆ 31 ಡಾಲರ್

ಆಪಲ್ ನಿಂತ ವೇದಿಕೆ ಯಾರದ್ದು?

1984ರ ಜನವರಿ 24. ಸ್ಟೀವ್ ಜಾಬ್ಸ್ ಚೀಲದೊಳಗಿನಿಂದ ಒಂದು ಪುಟ್ಟ ಯಂತ್ರ ಹೊರತೆಗೆದರು. ಅದು ತಾನೇ ಮಾತಾಡಿ ಸಭಿಕರನ್ನು ದಂಗುಬಡಿಸಿತು. ಮ್ಯಾಕಿಂಟಾಷ್ ಲೋಕಕ್ಕೆ ಬಂದದ್ದು ಹಾಗೆ. 1998ರಲ್ಲಿ ಐಮ್ಯಾಕ್, 2014ರಲ್ಲಿ ಐಫೋನ್ 6 ಮತ್ತು ಆಪಲ್ ವಾಚ್ ಅನಾವರಣಗೊಂಡದ್ದೂ ಅದೇ ವೇದಿಕೆಯಲ್ಲಿ. ಆ ವಿಡಿಯೊಗಳನ್ನು ಕೋಟ್ಯಂತರ ಜನ ನೋಡಿದ್ದಾರೆ. ಸಭಾಂಗಣ ಯಾರದೆಂದು ಕೇಳಿದವರು ಕಡಿಮೆ.

ಅದು ಕೂಪರ್ಟಿನೊದ ಡಿ ಆನ್ಜಾ ಕಾಲೇಜಿನ ಫ್ಲಿಂಟ್ ಸೆಂಟರ್. ಕಾಲೇಜು ಜಿಲ್ಲೆಯ ಮೊದಲ ಮುಖ್ಯಸ್ಥ ಕ್ಯಾಲ್ವಿನ್ ಫ್ಲಿಂಟ್ ಹೆಸರಿನದು. ಊರಿನ ತೆರಿಗೆಯಲ್ಲಿ ನಿಂತ ಎರಡು ವರ್ಷದ ಓದಿನ ಕಾಲೇಜು, ಜಗತ್ತಿನ ಅತಿ ಶ್ರೀಮಂತ ಕಂಪನಿಗಳಲ್ಲೊಂದಕ್ಕೆ ವೇದಿಕೆ ಬಾಡಿಗೆಗೆ ಕೊಟ್ಟಿತ್ತು! ಆಪಲ್‌ನ ಸಹಸಂಸ್ಥಾಪಕ ಸ್ಟೀವ್ ವೊಜ್ನಿಯಾಕ್ ಕೆಲಕಾಲ ಓದಿದ್ದು ಇದೇ ಡಿ ಆನ್ಜಾದಲ್ಲಿ ಎಂಬುದನ್ನೂ ಸೇರಿಸಿಕೊಂಡರೆ, ಬಾಡಿಗೆ ಸಂಬಂಧ ಕೊಂಚ ನೆಂಟಸ್ತಿಕೆಯಂತೆ ಕಾಣುತ್ತದೆ. 2019ರಲ್ಲಿ ಸಭಾಂಗಣ ಮುಚ್ಚಿತು. ಹಳೆಯ ಕಟ್ಟಡ ಉಳಿಸಿಕೊಳ್ಳುವ ಖರ್ಚು ಕಾಲೇಜಿನ ಕೈಮೀರಿತ್ತು. ಸಂಗೀತ, ನಾಟಕ ನೋಡಲು ಬರುತ್ತಿದ್ದ ಊರವರಿಗೆ ಬೇಸರವಾಯಿತು.

ಜಿಲ್ಲೆಗೆ ಎರಡು ಕಾಲೇಜು. ಹಿರಿಯದು ಫುಟ್‌ಹಿಲ್. 1958ರಲ್ಲಿ ಮೌಂಟನ್ ವ್ಯೂನ ಹಳೆಯ ಶಾಲೆಯೊಂದರಲ್ಲಿ ಶುರುವಾಗಿ 1961ರಲ್ಲಿ ಗುಡ್ಡದ ಮೇಲಿನ ಸ್ವಂತ ಆವರಣಕ್ಕೆ ಹೋಯಿತು. ಕಿರಿಯದು ಡಿ ಆನ್ಜಾ, 1967ರದು. ಸ್ಪೇನಿನ ಪರವಾಗಿ ಈ ನಾಡಿಗೆ ದಂಡು, ಸಂಸಾರಗಳನ್ನು ಕರೆತಂದ ಹ್ವಾನ್ ಬಟಿಸ್ಟಾ ಡಿ ಆನ್ಜಾನ ಹೆಸರು ಅದಕ್ಕೆ.

ಹಲ್ಲು, ನಕ್ಷತ್ರ ಮತ್ತು ಹಳೇ ಸಾಮಾನು

ಊರಿನೊಂದಿಗೆ ನಂಟು ಎಂದಕೂಡಲೇ ನಮ್ಮ ಕಣ್ಣಿಗೆ ಬರುವುದು ಎನ್ನೆಸ್ಸೆಸ್ ಶಿಬಿರ. ಹಳ್ಳಿಯಲ್ಲೊಂದು ವಾರ, ಗುದ್ದಲಿ, ಬಾಂಡಲಿ, ಕೊನೆಯ ದಿನ ಗ್ರೂಪ್ ಫೋಟೊ. ಅಲ್ಲಿ ಹಾಗಲ್ಲ. ಕಾಲೇಜು ಊರಿಗೆ ಹೋಗುವುದಕ್ಕಿಂತ ಊರೇ ಕಾಲೇಜಿಗೆ ಬರುತ್ತದೆ, ಅದೂ ತನ್ನ ಕೆಲಸಕ್ಕೆ.

ಫುಟ್‌ಹಿಲ್‌ನಲ್ಲಿ ದಂತ ಶುಚಿತ್ವದ ಕೋರ್ಸಿದೆ. ರಾಜ್ಯದ ಸಮುದಾಯ ಕಾಲೇಜುಗಳಲ್ಲಿ ನಾಲ್ಕು ವರ್ಷದ ಪದವಿ ಕೊಡಲು ಮೊದಲು ಅನುಮತಿ ಪಡೆದ ಕೆಲವೇ ಕೋರ್ಸುಗಳಲ್ಲಿ ಇದೂ ಒಂದು. ವಿದ್ಯಾರ್ಥಿಗಳ ಕೈ ಪಳಗಲು ಬಾಯಿಗಳು ಬೇಕು. ವಿಮೆ ಇಲ್ಲದ ಊರವರಿಗೆ ಕಡಿಮೆ ದುಡ್ಡಿನಲ್ಲಿ ಹಲ್ಲು ಶುಚಿಯಾಗಬೇಕು. ಇಬ್ಬರ ಕೆಲಸವೂ ಒಂದೇ ಕುರ್ಚಿಯಲ್ಲಿ ಆಗುತ್ತದೆ. ಹೊರಗಿನ ಕ್ಲಿನಿಕ್ಕಿನಲ್ಲಿ ಮುಕ್ಕಾಲು ಗಂಟೆಯಲ್ಲಿ ಮುಗಿಯುವುದು ಇಲ್ಲಿ ಅರ್ಧ ದಿನ ಹಿಡಿದೀತು. ಪ್ರತಿ ಹಂತದಲ್ಲೂ ಮೇಷ್ಟ್ರು ಬಂದು ನೋಡಿ ತಲೆಯಾಡಿಸಬೇಕಲ್ಲ!

ಅದೇ ಆವರಣದಲ್ಲಿ ವೀಕ್ಷಣಾಲಯವಿದೆ. ಮೋಡವಿಲ್ಲದ ಶುಕ್ರವಾರದ ರಾತ್ರಿ ಪೆನಿನ್ಸುಲಾ ಖಗೋಳ ಸಂಘದ ಹವ್ಯಾಸಿಗಳು ದೂರದರ್ಶಕ ತೆರೆದು ಬಂದವರಿಗೆಲ್ಲ ಆಕಾಶ ತೋರಿಸುತ್ತಾರೆ, ಪುಕ್ಕಟೆಯಾಗಿ. ಖಗೋಳ ಪ್ರಾಧ್ಯಾಪಕ ಆಂಡ್ರ್ಯೂ ಫ್ರಾಕ್ನಾಯ್ 1999ರಲ್ಲಿ ಇಲ್ಲಿನ ಸ್ಮಿತ್‌ವಿಕ್ ರಂಗಮಂದಿರದಲ್ಲಿ ಸಾರ್ವಜನಿಕ ಖಗೋಳ ಉಪನ್ಯಾಸ ಮಾಲೆ ಶುರು ಮಾಡಿದರು. ಸಂಜೆ ಏಳಕ್ಕೆ ಶಾಲಾ ಮಕ್ಕಳು, ಅವರ ಅಜ್ಜಂದಿರು, ಕೆಲಸದಿಂದ ನೇರ ಬಂದ ಎಂಜಿನಿಯರುಗಳು ಒಟ್ಟಿಗೆ ಕೂತು ಕಪ್ಪುಕುಳಿಯ ಕಥೆ ಕೇಳುತ್ತಾರೆ. ಉಪನ್ಯಾಸಕ್ಕೆ ಟಿಕೆಟ್ ಇಲ್ಲ. ಕಾರು ನಿಲ್ಲಿಸಲು ಮಾತ್ರ ಕಾಸು ಕೊಡಬೇಕು. ಆ ಕಣಿವೆಯಲ್ಲಿ ವಿಶ್ವದ ರಹಸ್ಯಕ್ಕಿಂತ ಪಾರ್ಕಿಂಗೇ ದುಬಾರಿ.

ಡಿ ಆನ್ಜಾದ್ದು ಬೇರೆ ಗತ್ತು. ಅಲ್ಲಿನ ವಿದ್ಯಾರ್ಥಿ ಸಂಘ ದಶಕಗಳ ಕಾಲ ತಿಂಗಳ ಮೊದಲ ಶನಿವಾರ ಕಾಲೇಜಿನ ಕಾರು ನಿಲ್ದಾಣದಲ್ಲಿ ಹಳೇ ಸಾಮಾನಿನ ಸಂತೆ ನಡೆಸಿತು. ಗ್ರಾಮಫೋನ್ ತಟ್ಟೆ, ಹಿತ್ತಾಳೆ ಪಾತ್ರೆ, ಸರ್ಕ್ಯೂಟ್ ಬೋರ್ಡ್, ಗಿಡ, ಬಟ್ಟೆ ಎಲ್ಲವೂ ಹಾಸಿದ ಚಾದರದ ಮೇಲೆ. ಮಳಿಗೆ ಬಾಡಿಗೆಯ ಹಣ ವಿದ್ಯಾರ್ಥಿ ಚಟುವಟಿಕೆಗಳಿಗೆ. ಆವರಣದಲ್ಲಿರುವ ‘ಪೆಟಿ ಟ್ರಿಯಾನನ್’ ಎಂಬ ಹತ್ತೊಂಬತ್ತನೇ ಶತಮಾನದ ಬಂಗಲೆ, ಈ ಜಾಗ ಸಿರಿವಂತರ ದ್ರಾಕ್ಷಿ ತೋಟವಾಗಿದ್ದ ಕಾಲದ್ದು. ಈಗ ಅದರಲ್ಲಿ ಕ್ಯಾಲಿಫೋರ್ನಿಯಾ ಇತಿಹಾಸ ಕೇಂದ್ರ.

■ ಒಂದೇ ಹಾಡು, 63 ಗಂಟೆ
ಫುಟ್‌ಹಿಲ್ ಕಾಲೇಜಿನ ಕೆಎಫ್‌ಜೆಸಿ ರೇಡಿಯೊ 1959ರಿಂದ ಬಿತ್ತರವಾಗುತ್ತಿದೆ. ಹೆಸರಿನ ‘ಜೆಸಿ’ ಎಂದರೆ ಜೂನಿಯರ್ ಕಾಲೇಜು. 1983ರ ಆಗಸ್ಟ್‌ನಲ್ಲಿ ಇದು ‘ಲೂಯಿ ಲೂಯಿ’ ಎಂಬ ಒಂದೇ ಹಾಡಿನ 800ಕ್ಕೂ ಹೆಚ್ಚು ರೂಪಗಳನ್ನು 63 ಗಂಟೆ ಎಡೆಬಿಡದೆ ಹಾಕಿ ಹೆಸರು ಮಾಡಿತು. ತೆರಿಗೆ ಕಟ್ಟುವವರು ಅದನ್ನೂ ಸಹಿಸಿಕೊಂಡರು.

ಕನ್ನಡದ ಮನೆಗಳಲ್ಲಿ

ಉತ್ತರ ಕ್ಯಾಲಿಫೋರ್ನಿಯಾದ ಕನ್ನಡ ಕೂಟ ಹುಟ್ಟಿದ್ದು 1973ರಲ್ಲಿ. ಆಮೇಲೆ ಬಂದ ಸಾಫ್ಟ್‌ವೇರ್ ಅಲೆಯಲ್ಲಿ ಕೂಪರ್ಟಿನೊ, ಸನಿವೇಲ್, ಫ್ರೀಮಾಂಟ್ ಕಡೆ ಕನ್ನಡದ ಸಂಸಾರಗಳು ಹೆಚ್ಚಿದವು. ಇವರಲ್ಲಿ ಸಮುದಾಯ ಕಾಲೇಜಿನ ಮೆಟ್ಟಿಲು ಮೊದಲು ಹತ್ತಿದ್ದು ಅನೇಕ ಕಡೆ ಗಂಡಂದಿರಲ್ಲ, ಹೆಂಡಂದಿರು.

ಕಾರಣ ವೀಸಾ. ಗಂಡನಿಗೆ ಎಚ್–1ಬಿ, ಹೆಂಡತಿಗೆ ಎಚ್–4. ಎಚ್–4ರಲ್ಲಿ ಓದಬಹುದು, ದುಡಿಯುವಂತಿರಲಿಲ್ಲ. 2015ರಲ್ಲಿ ಕೆಲವರಿಗೆ ಕೆಲಸದ ಪರವಾನಗಿ ಸಿಕ್ಕಿತು, ಅದೂ ಸಂಗಾತಿಯ ಗ್ರೀನ್ ಕಾರ್ಡ್ ಅರ್ಜಿ ಒಂದು ಹಂತ ದಾಟಿದ್ದರೆ ಮಾತ್ರ. ಊರಲ್ಲಿ ಬಿ.ಇ. ಮುಗಿಸಿ, ಕೆಲಸ ಬಿಟ್ಟು ಬಂದ ಹೆಣ್ಣುಮಕ್ಕಳಿಗೆ ಅಪಾರ್ಟ್‌ಮೆಂಟಿನ ನಾಲ್ಕು ಗೋಡೆಗಳಿಂದ ಹೊರಬರಲು ಹತ್ತಿರದ ದಾರಿ ಈ ಕಾಲೇಜು. ರಾಜ್ಯದಲ್ಲಿ ಒಂದು ವರ್ಷ ನೆಲೆಸಿದ್ದು ತೋರಿಸಿದರೆ ನಿವಾಸಿಯ ಶುಲ್ಕ. ಅಕೌಂಟಿಂಗ್ ಕಲಿತರು, ಪ್ರೋಗ್ರಾಮಿಂಗ್ ತಿದ್ದಿಕೊಂಡರು. ಮಕ್ಕಳ ಶಿಕ್ಷಣದ ತರಗತಿಗಳಿಗೂ ಸೇರಿದರು. ಪ್ರೀಸ್ಕೂಲ್ ಟೀಚರ್ ಆಗಲು ರಾಜ್ಯದ ನಿಯಮ ಬೇಡುವ 12 ಯೂನಿಟ್ ಇಲ್ಲೇ ಮುಗಿಯುತ್ತದೆ. ಪರವಾನಗಿ ಬಂದ ದಿನ ಕೈಯಲ್ಲೊಂದು ಕಾಗದವಿರಲಿ ಎಂಬ ಲೆಕ್ಕ.

ಎರಡನೆಯ ತಲೆಮಾರಿನದು ಇನ್ನೊಂದು ದಾರಿ. ಹೈಸ್ಕೂಲಿನಲ್ಲಿರುವಾಗಲೇ ಬೇಸಿಗೆಯಲ್ಲಿ ಇಲ್ಲಿ ಗಣಿತವೋ ಅರ್ಥಶಾಸ್ತ್ರವೋ ಮುಗಿಸಿಕೊಳ್ಳುವುದು. ಆದರೆ ಹೈಸ್ಕೂಲು ಮುಗಿದಮೇಲೆ ಇದೇ ಕಾಲೇಜಿಗೆ ಸೇರುತ್ತೇನೆ ಎಂದರೆ ಎಷ್ಟೋ ಮನೆಗಳಲ್ಲಿ ಮುಖ ಸಣ್ಣದಾಗುತ್ತದೆ. ‘ಮಗ ಎಲ್ಲಿ ಓದ್ತಾನೆ?’ ಎಂದು ಕೂಟದ ಊಟದ ಸಾಲಿನಲ್ಲಿ ಯಾರಾದರೂ ಕೇಳಿದರೆ ಉತ್ತರ ತುಸು ತಗ್ಗಿದ ದನಿಯಲ್ಲಿ ಬರುತ್ತದೆ. ಈ ಮುಜುಗರಕ್ಕೆ ಅರ್ಥವಿಲ್ಲ ಎಂದು ನನಗನಿಸುತ್ತದೆ. ಇಲ್ಲಿ ಎರಡು ವರ್ಷ ನಿಗದಿತ ಅಂಕದೊಂದಿಗೆ ಮುಗಿಸಿದವರಿಗೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಆರು ಕ್ಯಾಂಪಸ್ಸುಗಳು ಸೀಟಿನ ಖಾತರಿಯನ್ನೇ ಕೊಡುತ್ತವೆ. ಬರ್ಕ್ಲಿ, ಲಾಸ್ ಏಂಜಲೀಸ್, ಸ್ಯಾನ್ ಡಿಯೇಗೊ ಆ ಪಟ್ಟಿಯಲ್ಲಿಲ್ಲ, ನಿಜ. ಆದರೂ ಅಲ್ಲಿಗೂ ಟ್ರಾನ್ಸ್‌ಫರ್ ಆಗುವವರು ವರ್ಷವರ್ಷವೂ ಇದ್ದಾರೆ. ಕೊನೆಗೆ ಸಿಗುವ ಪದವಿ ಪತ್ರದಲ್ಲಿ ಮೊದಲೆರಡು ವರ್ಷ ಎಲ್ಲಿ ಕಳೆದರು ಎಂದು ಬರೆದಿರುವುದಿಲ್ಲ.

ಇನ್ನು ಭರತನಾಟ್ಯ. ಮಗಳ ರಂಗಪ್ರವೇಶಕ್ಕೆ ಒಳ್ಳೆಯ ವೇದಿಕೆ ಬೇಕೆಂದರೆ ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿ ಪ್ರದೇಶದ ತಂದೆತಾಯಿ ಮೊದಲು ವಿಚಾರಿಸುವ ಜಾಗಗಳಲ್ಲಿ ಫ್ರೀಮಾಂಟ್‌ನ ಓಲೋನಿ ಕಾಲೇಜಿನ ಜಾಕ್ಸನ್ ಥಿಯೇಟರ್‌ನಂಥ ಸಮುದಾಯ ಕಾಲೇಜಿನ ರಂಗಮಂದಿರಗಳೂ ಇವೆ. ಕಾಲೇಜಿಗೆ ಬಾಡಿಗೆ, ಹುಡುಗಿಗೆ ರಂಗ, ಬಂದ ನೆಂಟರಿಗೆ ಹೊರಗೆ ಹುಲ್ಲುಹಾಸಿನ ಮೇಲೆ ಫೋಟೊ.

ಗೋಡೆಗೆ ಹೌದು, ಮೇಷ್ಟ್ರಿಗೆ ಇಲ್ಲ

ಊರೇ ಯಜಮಾನ ಎಂದಮೇಲೆ ಊರು ಕೆಲವೊಮ್ಮೆ ಕೈ ಬಿಗಿ ಹಿಡಿಯುತ್ತದೆ. 2020ರ ಮಾರ್ಚ್ 3ರಂದು ಜಿಲ್ಲೆಯ ಮತದಾರರ ಮುಂದೆ ಎರಡು ಪ್ರಶ್ನೆಗಳಿದ್ದವು. ಮೊದಲನೆಯದು ಮೆಷರ್ ಜಿ: ಕಟ್ಟಡ, ದುರಸ್ತಿ, ಸಲಕರಣೆಗಳಿಗೆ 89.8 ಕೋಟಿ ಡಾಲರ್ ಬಾಂಡ್ ಎತ್ತಲು ಒಪ್ಪಿಗೆ. ಎರಡನೆಯದು ಮೆಷರ್ ಎಚ್: ಪ್ರತಿ ನಿವೇಶನಕ್ಕೆ ವರ್ಷಕ್ಕೆ 48 ಡಾಲರ್ ತೆರಿಗೆ, ಐದು ವರ್ಷ. ಅದರ ಹಣ ಶಿಕ್ಷಕರನ್ನು ಉಳಿಸಿಕೊಳ್ಳಲು, ವಿದ್ಯಾರ್ಥಿಗಳ ಹಸಿವು–ವಸತಿಯ ಕಷ್ಟ ನೀಗಲು.

ಜಿ ಗೆದ್ದಿತು. ಎಚ್ ಸೋತಿತು. ಬಾಂಡಿಗೆ ಶೇ 55 ಮತ ಸಾಕು, ನಿವೇಶನ ತೆರಿಗೆಗೆ ಮೂರನೇ ಎರಡು ಭಾಗ ಬೇಕು ಎಂಬ ಕಾನೂನಿನ ಕೊಂಡಿಯೂ ಇದರಲ್ಲಿತ್ತು. ಬಾಂಡಿನ ದುಡ್ಡಿನಲ್ಲಿ ಸಂಬಳ ಕೊಡುವಂತಿಲ್ಲ. ಹೀಗಾಗಿ ಹೊಸ ಗೋಡೆಗೆ ಹಣ ಬಂತು, ಗೋಡೆಯೊಳಗೆ ಪಾಠ ಹೇಳುವವರಿಗೆ ಬರಲಿಲ್ಲ. ಎರಡು ವಾರದೊಳಗೆ ಕೋವಿಡ್ ಬಂದು ಕೊಲ್ಲಿ ಪ್ರದೇಶವೇ ಬಾಗಿಲು ಹಾಕಿತು. ಆ ವರ್ಷದ ಜೂನ್ ಲೆಕ್ಕ ಮಂಡನೆಯಾದದ್ದು ಪರದೆಯ ಮೇಲೆ.

■ ಕಾವಲು ಸಮಿತಿ
2000ದಲ್ಲಿ ಮತದಾರರು ಒಪ್ಪಿದ ಪ್ರಪೊಸಿಷನ್ 39ರ ಪ್ರಕಾರ, ಶೇ 55 ಮತದ ಬಾಂಡ್ ಎತ್ತಿದ ಕಾಲೇಜು ಜಿಲ್ಲೆ ನಾಗರಿಕರ ಉಸ್ತುವಾರಿ ಸಮಿತಿ ನೇಮಿಸಲೇಬೇಕು. ಕನಿಷ್ಠ ಏಳು ಮಂದಿ. ತೆರಿಗೆದಾರರ ಸಂಘದವರು, ಹಿರಿಯ ನಾಗರಿಕರ ಸಂಘದವರು, ವ್ಯಾಪಾರಸ್ಥರು, ವಿದ್ಯಾರ್ಥಿ ಅದರಲ್ಲಿರಬೇಕು. ಜಿಲ್ಲೆಯ ನೌಕರರು, ಗುತ್ತಿಗೆದಾರರು ಇರುವಂತಿಲ್ಲ. ವರ್ಷಕ್ಕೊಮ್ಮೆಯಾದರೂ ಜನರಿಗೆ ವರದಿ ಕೊಡಬೇಕು.

ವರದಿಯ ಇನ್ನೊಂದು ಮಗ್ಗುಲು

ವರ್ಷಾಂತ್ಯದ ಪತ್ರಗಳು ಹೊಳೆಯುವ ಕಾಗದದ್ದು. ಟೋಪಿ ಹಾರಿಸುವ ಪದವೀಧರರು, ರಿಬ್ಬನ್ ಕತ್ತರಿಸುವ ಕೈಗಳು. ಒಳಗಿನ ಸಂಗತಿ ಅಷ್ಟು ನುಣುಪಲ್ಲ.

2019ರಲ್ಲಿ ರಾಜ್ಯದ 57 ಸಮುದಾಯ ಕಾಲೇಜುಗಳ ಸುಮಾರು 40,000 ವಿದ್ಯಾರ್ಥಿಗಳ ಸಮೀಕ್ಷೆಯೊಂದು ಹೊರಬಂತು. ಉತ್ತರಿಸಿದವರಲ್ಲಿ ಅರ್ಧದಷ್ಟು ಮಂದಿಗೆ ಹೊಟ್ಟೆ ತುಂಬುವ ಖಾತರಿ ಇರಲಿಲ್ಲ. ಶೇ 19 ಮಂದಿ ಹಿಂದಿನ ಒಂದು ವರ್ಷದಲ್ಲಿ ಮನೆಯಿಲ್ಲದೆ ಕಳೆದವರು. ಕಾರಿನಲ್ಲೇ ಮಲಗಿ ಬೆಳಿಗ್ಗೆ ಕ್ರೀಡಾಂಗಣದ ಬಚ್ಚಲಲ್ಲಿ ಸ್ನಾನ ಮಾಡಿ ತರಗತಿಗೆ ಹೋಗುವವರಿದ್ದಾರೆ. ಸಿಲಿಕಾನ್ ಕಣಿವೆಯ ಬಾಡಿಗೆಯಲ್ಲಿ ಇದು ಆಶ್ಚರ್ಯವಲ್ಲ. ಆಹಾರದ ಉಗ್ರಾಣ ಇಟ್ಟುಕೊಳ್ಳದ ಕಾಲೇಜು ಈಗ ಹುಡುಕಿದರೂ ಸಿಗದು.

ಮೇಷ್ಟ್ರುಗಳ ಸ್ಥಿತಿಯೂ ಅಷ್ಟಕ್ಕಷ್ಟೆ. ರಾಜ್ಯದ ಸಮುದಾಯ ಕಾಲೇಜು ಬೋಧಕರಲ್ಲಿ ಹೆಚ್ಚಿನವರು ಅರೆಕಾಲಿಕರು. ಒಂದು ಜಿಲ್ಲೆಯಲ್ಲಿ ಪೂರ್ಣ ಹೊರೆಯ ಶೇ 67ಕ್ಕಿಂತ ಹೆಚ್ಚು ಪಾಠ ಅವರಿಗೆ ಕೊಡುವಂತಿಲ್ಲ. ಆದ್ದರಿಂದ ಬೆಳಿಗ್ಗೆ ಒಂದು ಕಾಲೇಜು, ಮಧ್ಯಾಹ್ನ ಇನ್ನೊಂದು, ರಾತ್ರಿ ಮತ್ತೊಂದು. ಹೆದ್ದಾರಿಯಲ್ಲೇ ಹಾರಾಡುವ ಇವರಿಗೆ ‘ಫ್ರೀವೇ ಫ್ಲೈಯರ್’ ಎಂಬ ಅಡ್ಡಹೆಸರು. ನಮ್ಮ ಅತಿಥಿ ಉಪನ್ಯಾಸಕರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ.

ಕೋವಿಡ್ ನಂತರ ಹೊಸ ಪಿಡುಗು: ಇಲ್ಲದ ವಿದ್ಯಾರ್ಥಿಗಳು. ಯಾರದೋ ಹೆಸರಲ್ಲಿ ಆನ್‌ಲೈನ್ ಅರ್ಜಿ ಹಾಕಿ, ತರಗತಿಗೆ ಸೇರಿ, ವಿದ್ಯಾರ್ಥಿ ಸಹಾಯಧನ ಜೇಬಿಗಿಳಿಸಿ ಮಾಯವಾಗುವ ವಂಚಕರ ಜಾಲ. ಅರ್ಜಿಗಳಲ್ಲಿ ನಾಲ್ಕರಲ್ಲೊಂದು ಅನುಮಾನಾಸ್ಪದ ಎಂದು 2024ರ ಹೊತ್ತಿಗೆ ಸಮುದಾಯ ಕಾಲೇಜುಗಳ ರಾಜ್ಯ ಕಚೇರಿಯೇ ಅಂದಾಜಿಸಿತ್ತು. ತರಗತಿ ತುಂಬಿದೆ ಎಂದು ನಿಜವಾದ ಹುಡುಗಿಯೊಬ್ಬಳು ವಾಪಸಾಗುತ್ತಾಳೆ. ಮೊದಲ ದಿನ ಮೇಷ್ಟ್ರು ಹಾಜರಿ ಕೂಗಿದರೆ ಅರ್ಧಕ್ಕರ್ಧ ಹೆಸರಿಗೆ ಉತ್ತರವೇ ಇಲ್ಲ. ಬಾಗಿಲು ಎಲ್ಲರಿಗೂ ತೆರೆದಿದೆ ಎಂಬುದೇ ಈ ಕಾಲೇಜುಗಳ ಹೆಮ್ಮೆ, ಕಳ್ಳರು ನುಗ್ಗಿದ್ದೂ ಅದೇ ಬಾಗಿಲಿನಿಂದ.

ನಮ್ಮಲ್ಲಿ

ಊರು ಕಟ್ಟಿದ ಕಾಲೇಜು ಕರ್ನಾಟಕಕ್ಕೆ ಹೊಸತೇನಲ್ಲ. ಧಾರವಾಡದ ಕರ್ನಾಟಕ ಕಾಲೇಜಿಗೆ 1917ರಲ್ಲಿ ರೊದ್ದ ಶ್ರೀನಿವಾಸರಾಯರು, ಅರಟಾಳ ರುದ್ರಗೌಡರು ಜನರಿಂದ ದೇಣಿಗೆ ಕೂಡಿಸಿದರು. ಬೆಳಗಾವಿಯಲ್ಲಿ ಏಳು ಮಂದಿ ಮೇಷ್ಟ್ರುಗಳು 1916ರಲ್ಲಿ ಕೆಎಲ್‌ಇ ಸಂಸ್ಥೆ ಹುಟ್ಟುಹಾಕಿದರು. ಕೊಟ್ಟವರ ಹೆಸರು ಕಲ್ಲಿನ ಮೇಲೆ ಉಳಿಯಿತು.

‘ಸಮುದಾಯ ಕಾಲೇಜು’ ಎಂಬ ಹೆಸರೂ ಭಾರತಕ್ಕೆ ಬಂದಿದೆ. ಪುದುಚೇರಿ, ಚೆನ್ನೈಗಳಲ್ಲಿ 1990ರ ದಶಕದ ನಡುವಿನಲ್ಲಿ ಮೊದಲ ಪ್ರಯೋಗಗಳು ನಡೆದವು. 12ನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ಯುಜಿಸಿ ಇದಕ್ಕೊಂದು ಯೋಜನೆ ರೂಪಿಸಿ ಇರುವ ಕಾಲೇಜುಗಳಲ್ಲೇ ಕೌಶಲದ ಡಿಪ್ಲೊಮಾ ಕೋರ್ಸುಗಳಿಗೆ ಅನುದಾನ ಕೊಟ್ಟಿತು. ಕೋರ್ಸು ಬಂತು, ಉದ್ಯಮದ ಪಾಲುದಾರರು ಬಂದರು. ವೋಟು ಹಾಕಿ ಟ್ರಸ್ಟಿ ಆರಿಸುವ ಪಕ್ಕದ ಬೀದಿಯವರು ಮಾತ್ರ ಬರಲಿಲ್ಲ. ಆ ಭಾಗ ಹಡಗು ಹತ್ತಲೇ ಇಲ್ಲ.

ವರ್ಷಾಂತ್ಯದ ವರದಿ ನಮ್ಮಲ್ಲೂ ಇದೆ, ಎರಡೆರಡು. ಒಂದು, ಬೆಂಗಳೂರಿನ ನಾಗರಬಾವಿಯಲ್ಲಿ ಕೂತು ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ಹೋಗುವ ವಾರ್ಷಿಕ ಗುಣಮಟ್ಟ ವರದಿ. ‘ವಿಸ್ತರಣಾ ಚಟುವಟಿಕೆ’ ಎಂಬ ತಲೆಬರಹದಡಿ ಎನ್ನೆಸ್ಸೆಸ್ ಶಿಬಿರ, ರಕ್ತದಾನ, ಸ್ವಚ್ಛತಾ ಜಾಥಾ ಎಲ್ಲವೂ ಫೋಟೊ ಸಮೇತ ದಾಖಲು. ಹೆಚ್ಚಿನವು ಇಂಗ್ಲಿಷಿನಲ್ಲಿ, ಜಾಲತಾಣದ ಮೂಲೆಯಲ್ಲಿ. ಯಾವ ಹಳ್ಳಿಯಲ್ಲಿ ಶಿಬಿರ ನಡೆಯಿತೋ ಆ ಹಳ್ಳಿಯವರು ಓದಲೆಂದು ಬರೆದದ್ದಲ್ಲ ಅದು.

ಇನ್ನೊಂದು, ವಾರ್ಷಿಕೋತ್ಸವದಲ್ಲಿ ಪ್ರಾಂಶುಪಾಲರು ಓದುವ ವರದಿ. ಇದು ಕನ್ನಡದಲ್ಲೇ ಇರುತ್ತದೆ, ಊರವರೂ ಶಾಮಿಯಾನದ ಕೆಳಗೆ ಬಂದು ಕೂತಿರುತ್ತಾರೆ. ತೊಂದರೆಯೆಂದರೆ ಆ ಹೊತ್ತಿಗೆ ಮುಖ್ಯ ಅತಿಥಿ ಗಡಿಯಾರ ನೋಡುತ್ತಿರುತ್ತಾರೆ, ಪರದೆಯ ಹಿಂದೆ ಡೊಳ್ಳು ಕುಣಿತದ ಹುಡುಗರು ಸೊಂಟಕ್ಕೆ ಡೊಳ್ಳು ಬಿಗಿದುಕೊಳ್ಳುತ್ತಿರುತ್ತಾರೆ. ಅದನ್ನೇ ನಾಲ್ಕು ಪುಟ ಅಚ್ಚು ಹಾಕಿಸಿ ಗ್ರಂಥಾಲಯ, ಪಂಚಾಯಿತಿ ಕಟ್ಟೆ, ಬಸ್ ನಿಲ್ದಾಣದ ಪೇಪರ್ ಅಂಗಡಿಯಲ್ಲಿಡಲು ಹೆಚ್ಚು ಖರ್ಚೇನೂ ಇಲ್ಲ. ಆಮೇಲೊಂದು ದಿನ, ಡೊಳ್ಳು ಇಲ್ಲದ ದಿನ, ಪ್ರಶ್ನೆ ಕೇಳುವವರಿಗೆ ಮೂರು ಮೂರು ನಿಮಿಷ ಕೊಡಬಹುದು. ಮೊದಲ ವರ್ಷ ಬರುವವರು ನಾಲ್ಕೇ ಮಂದಿ ಇದ್ದಾರು, ಅದರಲ್ಲಿ ಇಬ್ಬರು ನಿವೃತ್ತ ಮೇಷ್ಟ್ರುಗಳು.